ಆರನೇ ಹೆಸರಾದ ಮೇಲೆ

ವರ್ನಾಳ ಕೆಲಸ ಏನಪ್ಪಾ ಅಂದರೆ, ಜೆಸಿಬಿ ಮುಂದೆ ಒಂದು ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿಕೊಂಡು ಕೂತು, ತನ್ನ ಮುತ್ತಜ್ಜಿಯ ಒಡಹುಟ್ಟಿದವರ ಮೂಳೆ ಮೇಲೆ ಬರುತ್ತವೆಯೇ ಅಂತ ನೋಡುವುದು. ಬಂದರೆ ಕೈ ಎತ್ತಬೇಕು. ಬರದಿದ್ದರೆ ಸುಮ್ಮನೆ ಕೂತಿರಬೇಕು. ನಾಲ್ಕು ಗಂಟೆಗೆ ಒಂದು ಹಾಳೆಗೆ ಸಹಿ ಹಾಕಿ ಮನೆಗೆ ಹೋಗಬೇಕು. ಕಂಪನಿಯವರು ಹೆಲ್ಮೆಟ್ ಕೊಟ್ಟಿದ್ದರು, ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟಿದ್ದರು. ಜಾಕೆಟ್ಟಿನ ಬೆನ್ನ ಮೇಲೆ 'ವೀಕ್ಷಕಿ' ಅಂತ ಬರೆದಿತ್ತು. ನೂರ ಅರವತ್ತು ವರ್ಷದ ಹಿಂದೆ ಬಿಳಿಯರು ಇಲ್ಲಿ ನಮ್ಮವರನ್ನು ಕೊಲ್ಲುವಾಗ ಇಂಥ ಹುದ್ದೆಯೇ ಇರಲಿಲ್ಲ. ಕಾಲ ಬಹಳ ಮುಂದುವರಿದಿದೆ ನೋಡಿ.

ಈ ಜಾಗಕ್ಕೆ ಕಂಪನಿ ಇಟ್ಟ ಹೆಸರು ಓಕ್ ಹೇವನ್, ಅಂದರೆ ಓಕ್ ಮರಗಳ ಆಸರೆ. ಓಕ್ ಮರಗಳನ್ನೆಲ್ಲ ಕಡಿದು ಸಾಗಿಸಿದ ಮೇಲೆ ಈ ಹೆಸರಿಟ್ಟರು. ಉತ್ತರ ಕ್ಯಾಲಿಫೋರ್ನಿಯಾದ ನಮ್ಮ ಕಣಿವೆಯಲ್ಲಿ, ಹೊಳೆ ಬಾಗುವಲ್ಲಿನ ದಿಬ್ಬದ ಮೇಲೆ, ತೊಂಬತ್ತಾರು ಮನೆ, ಒಂದು ಈಜುಕೊಳ, ನಾಯಿಗಳಿಗೇ ಅಂತ ಒಂದು ಪಾರ್ಕು. ಮ್ಯಾನೇಜರ್ ಬ್ರೆಂಟ್ ಮೊದಲ ದಿನವೇ ವರ್ನಾಳಿಗೆ ನಕ್ಷೆ ತೋರಿಸಿ, ಒಂದು ರಸ್ತೆಗೆ ನಿಮ್ಮ ಬುಡಕಟ್ಟಿನ ಹೆಸರನ್ನೇ ಇಡುತ್ತೇವೆ ಅಂದಿದ್ದ. ವರ್ನಾ ಕನ್ನಡಕ ಹಾಕಿಕೊಂಡು ನೋಡಿದಳು. ಅದು ಮುಂದೆ ಎಲ್ಲಿಗೂ ಹೋಗದ ರಸ್ತೆ. ನಾಯಿ ಪಾರ್ಕಿನ ಬೇಲಿಯ ಹತ್ತಿರ ನಿಂತುಬಿಡುತ್ತದೆ.

ಇನ್ನೊಂದು ಮಾತು ಹೇಳಿಬಿಡಬೇಕು. ಸರ್ಕಾರದ ಪಟ್ಟಿಯಲ್ಲಿ ನಮ್ಮ ಬುಡಕಟ್ಟು ಇಲ್ಲ. ಕಾಗದದ ಪ್ರಕಾರ ನಾವೆಲ್ಲ ಯಾವಾಗಲೋ ಮುಗಿದುಹೋಗಿದ್ದೇವೆ. ಹಾಗೆ ಮುಗಿದುಹೋದವರಲ್ಲಿ ವರ್ನಾಳೂ ಒಬ್ಬಳು. ವಯಸ್ಸು ಅರವತ್ತೊಂದು, ಎರಡೂ ಮಂಡಿ ನೋವು, ಸಕ್ಕರೆ ಕಾಯಿಲೆ ಬೇರೆ. ಅಗೆಯುವ ಕಡೆ ಆ ನೆಲದವರೊಬ್ಬರು ಕೂತಿರಬೇಕು ಅಂತ ನಿಯಮ ಬಂದಾಗಿನಿಂದ ಮಾತ್ರ ಕಂಪನಿಗಳಿಗೆ ಅವಳ ಫೋನ್ ನಂಬರ್ ಸಿಗುತ್ತಿದೆ.

ಮಂಗಳವಾರ ಹತ್ತು ಗಂಟೆಗೆ ಮೊದಲ ಮೂಳೆ ಬಂತು. ಜೆಸಿಬಿಯ ಬಾಯಿಂದ ಮಣ್ಣಿನ ಜೊತೆ ಒಂದು ತಲೆಬುರುಡೆ ಉರುಳಿ ವರ್ನಾಳ ಬೂಟಿನ ಹತ್ತಿರ ಬಂದು ನಿಂತಿತು. ವರ್ನಾ ಕೈ ಎತ್ತಿದಳು. ಎತ್ತಿದ ಕೈಯನ್ನು ಇಳಿಸುವುದು ಮರೆತು ಹಾಗೇ ಕೂತಿದ್ದಳು.

ಮೂಳೆ ಬಂದರೆ ಮೊದಲು ಜಿಲ್ಲೆಯ ಶವಪರೀಕ್ಷೆಯ ಅಧಿಕಾರಿ ಬರಬೇಕು. ಯಾರಾದರೂ ಇತ್ತೀಚೆಗೆ ಯಾರನ್ನಾದರೂ ಕೊಂದು ಹೂತಿದ್ದಾರೇನೋ ಅಂತ ನೋಡಬೇಕಲ್ಲ. ಬಂದ. ಕೈಗೆ ಗ್ಲೌಸ್ ಹಾಕಿಕೊಂಡ. ಕುಕ್ಕರಗಾಲಲ್ಲಿ ಕೂತು ಬುರುಡೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಹಳೇದು. ನೂರು ವರ್ಷದ ಮೇಲಾಗಿದೆ," ಅಂದ.

"ಹಿಂದ್ಗಡೆ ತೂತು ನೋಡಿದ್ರಾ?" ಅಂತ ವರ್ನಾ ಕೇಳಿದಳು.

"ನೋಡಿದೆ. ಗುಂಡು ಹೊಕ್ಕಿರೋದು."

"ಮತ್ತೆ?"

"ಮತ್ತೇನಿಲ್ಲ. ಇದು ಕೇಸ್ ಆಗಲ್ಲ ಅಮ್ಮ. ಕೊಂದೋರು ಬದುಕಿದ್ರೆ ತಾನೇ ಕೇಸು?"

"ಅವರ ಮರಿಮಕ್ಕಳು ಇದಾರಲ್ಲ. ಊರಲ್ಲಿ ಅರ್ಧ ರಸ್ತೆಗೆ ಅವರ ಹೆಸರೇ ಇದೆ. ಅಡ್ರೆಸ್ ಬೇಕಾ?"

ಅವನು ನಕ್ಕ. ತಮಾಷೆ ಅಂದುಕೊಂಡ. ಹಾಳೆಯಲ್ಲಿ 'ಅಪರಾಧದ ಕುರುಹು' ಅಂತ ಒಂದು ಸಾಲಿತ್ತು. ಅದರ ಮುಂದೆ 'ಇಲ್ಲ' ಅಂತ ಬರೆದು, ಗ್ಲೌಸ್ ಬಿಚ್ಚಿ, ಊಟಕ್ಕೆ ಹೋದ. ಅಲ್ಲಿಗೆ ಕೊಲೆಯ ವಿಚಾರ ಮುಗಿಯಿತು. ಎಷ್ಟು ಸಲೀಸು ನೋಡಿ. ಕೊಂದವನು ಮಾಡಬೇಕಾದ್ದು ಇಷ್ಟೇ, ಸಿಕ್ಕಿಬೀಳದೆ ನೂರು ವರ್ಷ ಕಾಯಬೇಕು.

ಇನ್ನು ಪೈಜ್ ವಿಷಯ. ಇವಳು ಕಂಪನಿ ಗೊತ್ತುಮಾಡಿದ ಉತ್ಖನನದ ಹುಡುಗಿ. ಇಪ್ಪತ್ತೇಳು ವರ್ಷ, ಓದಿದವಳು, ಕೆಟ್ಟವಳಲ್ಲ. ಮಾತಿಗೊಂದು 'ಸಾರಿ' ಹೇಳುತ್ತಾಳೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ಸುತ್ತ ನಿಲ್ಲಿಸಿ, ಈ ನೆಲ ನಿಮ್ಮ ಪೂರ್ವಿಕರದು, ನಾವು ಕೃತಜ್ಞರು ಅಂತ ಒಂದು ಚೀಟಿ ಓದುತ್ತಿದ್ದಳು. ಓದುವಾಗ ಅವಳ ಧ್ವನಿ ನಡುಗುತ್ತಿತ್ತು. ಓದಿ ಮಡಚಿ ಜೇಬಿಗಿಟ್ಟುಕೊಂಡು, ಜೆಸಿಬಿಯವನಿಗೆ ಶುರುಮಾಡು ಅಂತ ಕೈ ಸನ್ನೆ ಮಾಡುತ್ತಿದ್ದಳು.

ಮೂರು ದಿನ ಇಬ್ಬರೂ ಮಂಡಿಯೂರಿ ಮಣ್ಣು ಜರಡಿ ಹಿಡಿದರು. ಅಂಟು ಮಣ್ಣು. ಜರಡಿಯಲ್ಲಿ ಕೂತರೆ ಇಳಿಯುವುದಿಲ್ಲ. ನೀರು ಸುರಿದು ಬೆರಳಲ್ಲಿ ಉಜ್ಜಿ ಉಜ್ಜಿ ಇಳಿಸಬೇಕು. ವರ್ನಾಳ ಉಗುರು ಕಿತ್ತುಬಂತು. ಮಂಡಿ ಊದಿ ಪ್ಯಾಂಟು ಬಿಗಿಯಾಯಿತು. ಗುಂಡಿಯೊಳಗೆ ಯಾರನ್ನೂ ಮಲಗಿಸಿರಲಿಲ್ಲ. ಎಸೆದಿದ್ದರು, ಮೇಲೆ ಸೌದೆ ಹಾಕಿ ಸುಟ್ಟಿದ್ದರು, ಆಮೇಲೆ ಮಣ್ಣು ಎಳೆದಿದ್ದರು. ಒಬ್ಬರ ಕೈ ಇನ್ನೊಬ್ಬರ ಪಕ್ಕೆಲುಬಿನೊಳಗೆ ಸಿಕ್ಕಿಕೊಂಡಿತ್ತು. ಯಾರದು ಯಾವುದು ಅಂತ ಬಿಡಿಸುವಾಗ ವರ್ನಾ ತನ್ನ ಜೇಬಿನಲ್ಲಿದ್ದ ಸೊಪ್ಪನ್ನು ಆಗಾಗ ಮುಟ್ಟಿಕೊಳ್ಳುತ್ತಿದ್ದಳು. ಮಾಚಿಪತ್ರೆಯಂಥ ಸೊಪ್ಪು ಅದು. ಸತ್ತವರನ್ನು ಮುಟ್ಟಿದ ದಿನ ಅದರಿಂದ ಮೈ ತೊಳೆದುಕೊಳ್ಳದೆ ನಮ್ಮಲ್ಲಿ ಯಾರೂ ಮನೆಯೊಳಗೆ ಕಾಲಿಡುವುದಿಲ್ಲ.

ಮೂಳೆ ಇಡುವ ಚೀಲ ಬುಧವಾರವೇ ಮುಗಿದವು. ಪೈಜ್ ಹೆದ್ದಾರಿಯಾಚೆಯ ಸೂಪರ್ ಮಾರ್ಕೆಟ್ಟಿಗೆ ಓಡಿಹೋಗಿ ಕಂದು ಕಾಗದದ ಚೀಲಗಳನ್ನು ತಂದಳು. ಜನ ಬ್ರೆಡ್ಡು, ಮೊಟ್ಟೆ ತುಂಬಿಸಿಕೊಂಡು ಹೋಗುವ ಚೀಲ. ಮೇಲೆ 'ತಾಜಾ, ನಿಮ್ಮ ಮನೆಯವರಿಗಾಗಿ' ಅಂತ ಅಚ್ಚಾಗಿತ್ತು. ಅದರೊಳಗೆ ವರ್ನಾಳ ಮನೆಯವರನ್ನು ತುಂಬಿಸಿದರು.

ಗುರುವಾರ ಮಧ್ಯಾಹ್ನ ಪೈಜ್ ಎಣಿಸಿದಳು. ಇದಕ್ಕೂ ಒಂದು ಪದ್ಧತಿ ಇದೆ. ಬಲಗಾಲಿನ ತೊಡೆಮೂಳೆಗಳನ್ನು ಮಾತ್ರ ಸಾಲಾಗಿ ಇಡುತ್ತಾರೆ. ಎಷ್ಟು ಬಲತೊಡೆ ಇದೆಯೋ ಅಷ್ಟು ಜನ ಅಂತ ಖಾತ್ರಿ. ಉಳಿದದ್ದೆಲ್ಲ ಅನುಮಾನ. ಬಲತೊಡೆ ಐದು ಸಿಕ್ಕವು.

"ಐದು," ಅಂದಳು ಪೈಜ್. ಅವಳ ಮುಖ ಸಪ್ಪಗಾಯಿತು.

ಬ್ರೆಂಟ್ ಮುಖ ಅರಳಿತು. ಯಾಕೆ ಅಂದರೆ, ಒಂದೇ ಕಡೆ ಆರು ಜನರನ್ನು ಹೂತಿದ್ದರೆ ಕಾನೂನು ಅದನ್ನು ಸ್ಮಶಾನ ಅನ್ನುತ್ತದೆ. ಸ್ಮಶಾನದ ಮೇಲೆ ಈಜುಕೊಳ ಕಟ್ಟುವ ಹಾಗಿಲ್ಲ, ಕೆಲಸ ನಿಲ್ಲಬೇಕು. ಐದಾದರೆ ಸ್ಮಶಾನವಲ್ಲ. ಐದಾದರೆ ಬರೀ ಮೂಳೆ, ಪೆಟ್ಟಿಗೆಗೆ ಹಾಕಿ ಪಕ್ಕಕ್ಕಿಟ್ಟರೆ ಆಯಿತು. ಐದು ಜನರನ್ನು ಕೊಂದು ಹೂಳುವವರೆಗೂ ಅದು ಮಣ್ಣಿನ ಕೆಲಸ, ಆರನೆಯವನು ಬಿದ್ದ ಮೇಲೆಯೇ ಅದಕ್ಕೊಂದು ಪಾವಿತ್ರ್ಯ ಬರುವುದು.

ವರ್ನಾ ಜರಡಿಯಿಂದ ಒಂದು ಚೂರು ಎತ್ತಿ ಅಂಗೈ ಮೇಲಿಟ್ಟುಕೊಂಡಳು. ಕಿರುಬೆರಳಿನಷ್ಟು ಉದ್ದ, ಸುಟ್ಟು ಬೂದಿಬಣ್ಣ. "ಇದು?"

"ಮಗುವಿನದು ಇರಬಹುದು. ಖಚಿತವಾಗಿ ಹೇಳೋಕಾಗಲ್ಲ. ಮಕ್ಕಳ ಮೂಳೆ ಮೆತ್ತಗಿರುತ್ತೆ, ಬೆಂಕಿಗೆ ಉಳಿಯಲ್ಲ. ಸಾರಿ, ವರ್ನಾ ಅವರೇ."

"ಅಂದ್ರೆ ಮಕ್ಕಳನ್ನ ಕೊಂದ್ರೆ ಲೆಕ್ಕಕ್ಕಿಲ್ಲ."

"ಹಾಗಲ್ಲ..."

"ಹಾಗೇ ತಾಯಿ. ನೀನು ಸಾರಿ ಹೇಳ್ಬೇಡ. ಎಣಿಸಿದ್ದನ್ನ ಹೇಳು, ಸಾಕು."

ಬ್ರೆಂಟ್ ನಡುವೆ ಬಂದ. ಪಾರ್ಕಿಂಗ್ ಹತ್ತಿರ ಒಂದು ಮೂಲೆ ಬಿಡುತ್ತೇವೆ, ಅಲ್ಲಿ ಐದೂ ಪೆಟ್ಟಿಗೆ ಹೂಳೋಣ, ಮೇಲೊಂದು ಕಲ್ಲುಬೆಂಚು ಹಾಕಿಸೋಣ, 'ಇಲ್ಲಿ ಒಂದು ಕಾಲದಲ್ಲಿ ಜನ ನೆಮ್ಮದಿಯಿಂದ ಬಾಳಿದ್ದರು' ಅಂತ ಹಿತ್ತಾಳೆ ಫಲಕ ಹಾಕಿಸೋಣ ಅಂದ. "ಉದ್ಘಾಟನೆ ದಿನ ನೀವು ನಿಮ್ಮ ಭಾಷೆಲಿ ಒಂದು ಹಾಡು ಹೇಳ್ಬೇಕು ವರ್ನಾ. ಆ ಮಣಿಸರ, ಗರಿ ಎಲ್ಲ ಹಾಕ್ಕೊಂಡು. ಜನಕ್ಕೆ ತುಂಬಾ ಇಷ್ಟ ಆಗುತ್ತೆ."

"ಯಾವ ಹಾಡು ಹೇಳ್ಲಿ? ಮನೆ ಒಕ್ಕಲಿನ ಹಾಡಾ?"

"ನಿಮಗೆ ಯಾವುದು ಸರಿ ಅನ್ಸುತ್ತೋ ಅದು," ಅಂದ ಅವನು, ಬಹಳ ದೊಡ್ಡ ಮನಸ್ಸಿನಿಂದ.

ಅವನು ಅತ್ತ ಹೋದ ಮೇಲೆ ಪೈಜ್ ತನ್ನ ಫಾರಂ ತೆಗೆದು ಕೊನೆಯ ಪುಟ ತೋರಿಸಿದಳು. "ಇಲ್ಲೊಂದು ಭಾಗ ಇದೆ. ವಂಶಸ್ಥರ ಹೇಳಿಕೆ. ಇಲ್ಲಿ ಹೂತವರು ಯಾರ್ಯಾರು ಅಂತ ಮನೆತನದಲ್ಲಿ ಹೆಸರು ಉಳ್ಕೊಂಡಿದ್ರೆ ಅದನ್ನೂ ಎಣಿಕೆಗೆ ತಗೋತಾರೆ. ಬರೀ 'ಬಹಳ ಜನ ಸತ್ತರು' ಅಂದ್ರೆ ಆಗಲ್ಲ. ಹೆಸರು ಬೇಕು. ನಾಳೆ ಹನ್ನೆರಡಕ್ಕೆ ನಾನಿದನ್ನ ಕಳಿಸ್ಲೇಬೇಕು. ನಿಮಗೆ ಗೊತ್ತಿದೆಯಾ?"

ವರ್ನಾ ಜರಡಿಯತ್ತ ತಿರುಗಿ ಮಣ್ಣು ಉಜ್ಜತೊಡಗಿದಳು. ಗೊತ್ತಿತ್ತು. ಇಪ್ಪತ್ತೆರಡು ಹೆಸರು ಗೊತ್ತಿದ್ದವು.

ಗೊತ್ತಿದ್ದರೆ ಹೇಳಿಬಿಡಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಸತ್ತವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ಮಲಗಿದಲ್ಲಿಂದ ಎದ್ದು ತಿರುಗಿ ನೋಡುತ್ತಾರೆ, ಯಾರು ಕರೆದರು ಅಂತ. ಆಚೆ ಲೋಕಕ್ಕೆ ಹೋಗುವ ದಾರಿ ಬಿಟ್ಟು ವಾಪಸ್ ಬರುತ್ತಾರೆ. ಮನೆಯವರ ಮುಂದೆ ಸತ್ತವರ ಹೆಸರೆತ್ತುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಭಾಷೆಯಲ್ಲೇ ಇಲ್ಲ. ಆದರೆ ಈ ಗುಂಡಿಯವರ ವಿಷಯದಲ್ಲಿ ಮುತ್ತಜ್ಜಿ ಒಂದು ಏರ್ಪಾಡು ಮಾಡಿದಳು. ಕೊಲೆ ನಡೆದ ದಿನ ಅವಳಿಗೆ ಏಳು ವರ್ಷ. ಹೊಳೆಯ ಜೊಂಡಿನಲ್ಲಿ ಮೂಗಿನವರೆಗೆ ಮುಳುಗಿ ಕೂತು ಎಲ್ಲ ನೋಡಿದಳು. ಮುದುಕಿಯಾದ ಮೇಲೆ ವರ್ನಾಳ ಅಜ್ಜಿಯನ್ನು ಹೊಳೆಗೆ ಕರೆದುಕೊಂಡು ಹೋಗಿ, ಕಿವಿಯಲ್ಲಿ ಒಂದೇ ಒಂದು ಸಲ ಎಲ್ಲ ಹೆಸರನ್ನೂ ಹೇಳಿ ಬಾಯಿ ಮುಕ್ಕಳಿಸಿದಳು. ಅಜ್ಜಿ ತನ್ನ ಮಗಳು ಲೀಟಾಳಿಗೆ ಹೇಳಿದಳು. ಲೀಟಾ ಎಂಟು ವರ್ಷದ ಹಿಂದೆ, ಸೊಂಟ ಮುರಿದುಕೊಂಡ ಮೇಲೆ, ಅಕ್ಕನ ಮಗಳು ವರ್ನಾಳಿಗೆ ಹೇಳಿದಳು. ಒಬ್ಬರಿಂದ ಒಬ್ಬರಿಗೆ, ಒಂದು ಸಲ. ಮರೆಯಬಾರದು, ಬಾಯಿ ಬಿಡಲೂಬಾರದು.

ಆ ಸಂಜೆ ವರ್ನಾ ಮೈ ತೊಳೆದುಕೊಂಡು ನೇರವಾಗಿ ಲೀಟಾ ಆಂಟಿಯ ಮನೆಗೆ ಹೋದಳು. ಎಂಬತ್ತೆಂಟರ ಮುದುಕಿ, ಚಕ್ರದ ಮೇಲಿನ ಹಳೇ ತಗಡಿನ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಒಲೆಯ ಮೇಲೆ ಓಕ್ ಕಾಯಿಯ ಗಂಜಿ ಕುದಿಯುತ್ತಿತ್ತು.

"ಆಂಟಿ, ಹೆಸರು ಕೇಳ್ತಾ ಇದಾರೆ," ಅಂದಳು ವರ್ನಾ.

ಮುದುಕಿ ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಕೇಳ್ತಾರೆ. ನನ್ನನ್ನೂ ಕೇಳಿದ್ರು."

ವರ್ನಾಳಿಗೆ ಅದು ಗೊತ್ತಿತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ ಹೆದ್ದಾರಿಯಾಚೆಯ ದಿಬ್ಬ ಅಗೆದಾಗ ಅಲ್ಲೂ ಮೂಳೆ ಬಂದಿದ್ದವು. ಟೈ ಕಟ್ಟಿಕೊಂಡ ಒಬ್ಬ ಬಂದು ಲೀಟಾಳ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಇವರ ಹೆಸರೇನು ಅಂತ ಕೇಳಿದ್ದ. ಅಲ್ಲಿದ್ದವರ ಹೆಸರೂ ಲೀಟಾಳಿಗೆ ಗೊತ್ತಿದ್ದವು. ಮರ್ಯಾದಸ್ಥ ಹೆಂಗಸು ಏನು ಮಾಡಬೇಕೋ ಅದನ್ನೇ ಅವಳು ಮಾಡಿದಳು. ತಲೆ ತಗ್ಗಿಸಿ ಸುಮ್ಮನೆ ಕೂತಳು. ಅವನು 'ಇವರಿಗೆ ಏನೂ ಗೊತ್ತಿಲ್ಲ, ಸಂಬಂಧ ಸಾಬೀತಾಗಿಲ್ಲ' ಅಂತ ಬರೆದುಕೊಂಡ. ಈಗ ಅಲ್ಲಿ ಸೂಪರ್ ಮಾರ್ಕೆಟ್ ಇದೆ. ಕಾಗದದ ಚೀಲ ಬಂದದ್ದು ಅಲ್ಲಿಂದಲೇ. ನಲವತ್ತು ವರ್ಷದಿಂದ ಲೀಟಾ ಒಳಗೆ ಹೋಗಿಲ್ಲ. ವರ್ನಾ ಸಾಮಾನು ತರುವವರೆಗೂ ಗಾಡಿಯಲ್ಲೇ ಕೂತು, ಎರಡೂ ಕಾಲನ್ನು ಮುಂದಿನ ಹಲಗೆಯ ಮೇಲೆ ಎತ್ತಿ ಇಟ್ಟುಕೊಂಡಿರುತ್ತಾಳೆ. ಮುರಿದ ಸೊಂಟದಲ್ಲೂ ಹಾಗೇ ಕೂರುತ್ತಾಳೆ. ಅಲ್ಲಿ ನೆಲಕ್ಕೆ ಕಾಲು ಊರುವುದಿಲ್ಲ.

"ನೀನು ಸುಮ್ಮನಿದ್ದೆ. ಅವರು ಯಾರೂ ಇಲ್ಲ ಅಂತ ಬರ್ಕೊಂಡ್ರು," ಅಂದಳು ವರ್ನಾ. "ನಾಳೆ ನಾನೂ ಸುಮ್ಮನಿದ್ರೆ ಐದು ಅಂತ ಬರ್ಕೋತಾರೆ. ಅದರ ಮೇಲೆ ಈಜುಕೊಳ, ಆಂಟಿ. ಅದರ ಮೇಲೆ ಮಕ್ಕಳು ಚಡ್ಡಿ ಹಾಕ್ಕೊಂಡು ಧುಮುಕ್ತಾರೆ."

"ಹೇಳಿದ್ರೆ ಅವರೆಲ್ಲ ಎದ್ದು ಬರ್ತಾರೆ ಹುಡುಗಿ. ನಿನ್ನ ಹಿಂದೇನೇ ಬರ್ತಾರೆ. ಆಮೇಲೆ ನಿನಗೆ ನಿದ್ದೆ ಇಲ್ಲ."

"ಈಗ ಇದೆಯಾ?"

"ಬೇಡ ಅಂದ್ರೆ ಬೇಡ." ಮುದುಕಿ ಒಲೆ ಆರಿಸಿದಳು. "ನಾನು ನಿನ್ನ ಕಿವಿಗೆ ಹಾಕಿದ್ದು ಇಟ್ಕೊಳ್ಳೋಕೆ. ಬಿಳಿಯವರ ಹಾಳೆಗೆ ಕೊಡೋಕಲ್ಲ. ಕೊಟ್ರೆ ಈ ಮೆಟ್ಟಿಲು ಹತ್ತಬೇಡ."

ವರ್ನಾ ಗಂಜಿ ಕುಡಿಯದೆ ಎದ್ದು ಬಂದಳು.

ಶುಕ್ರವಾರ ಹನ್ನೊಂದೂವರೆ. ಜೆಸಿಬಿಯವನು ಎಂಜಿನ್ ಚಾಲೂ ಇಟ್ಟುಕೊಂಡೇ ಕೂತಿದ್ದ. ಬ್ರೆಂಟ್ ಗಡಿಯಾರ ನೋಡಿಕೊಳ್ಳುತ್ತ ಗುಂಡಿಯ ಅಂಚಿನಲ್ಲಿ ನಿಂತಿದ್ದ. ಪೈಜ್ ಹಲಗೆಯ ಮೇಲೆ ಫಾರಂ ಇಟ್ಟುಕೊಂಡು ಕಾಯುತ್ತಿದ್ದಳು. ವರ್ನಾ ಬಕೆಟ್ಟಿನ ಮೇಲೆ ಕೂತಿದ್ದಳು. ಅವಳಿಗೆ ಹೆದರಿಕೆಯಾಗಿತ್ತು. ಬ್ರೆಂಟ್ ಬಗ್ಗೆ ಅಲ್ಲ, ಅವನಂಥವರನ್ನು ಅವಳು ಬೇಕಾದಷ್ಟು ನೋಡಿದ್ದಾಳೆ. ಸತ್ತವರ ಬಗ್ಗೆ ಹೆದರಿಕೆ.

"ಏನಾದ್ರೂ ಹೇಳೋದಿದ್ರೆ ಹೇಳಿ ವರ್ನಾ," ಅಂದ ಬ್ರೆಂಟ್. "ಇಲ್ಲಾಂದ್ರೆ 'ಮಾಹಿತಿ ಇಲ್ಲ' ಅಂತ ಒಂದು ಟಿಕ್ ಹಾಕಿ ಮುಗಿಸೋಣ. ಪಾಪ, ಅಷ್ಟು ಹಿಂದಿನದು ಯಾರಿಗೆ ನೆನಪಿರುತ್ತೆ?"

ಆ 'ಪಾಪ' ಅನ್ನುವ ಮಾತು ವರ್ನಾಳಿಗೆ ಚುಚ್ಚಿತು. ಎದ್ದಳು. ಹೆಲ್ಮೆಟ್ ತೆಗೆದಳು. 'ವೀಕ್ಷಕಿ' ಜಾಕೆಟ್ ಬಿಚ್ಚಿ ಬಕೆಟ್ಟಿನ ಮೇಲೆ ಎಸೆದಳು. ನೂರ ಅರವತ್ತು ವರ್ಷ ವೀಕ್ಷಿಸಿದ್ದು ಸಾಕಾಗಿತ್ತು. ಊದಿದ ಮಂಡಿ ಹಿಡಿದುಕೊಂಡು ಏಣಿ ಇಳಿದು ಗುಂಡಿಯ ನಡುವೆ ಹೋಗಿ ನಿಂತಳು.

"ಆ ಗಾಡಿ ನಿಲ್ಸೋಕೆ ಹೇಳು," ಅಂದಳು. "ಇವರಿಗೆ ಕೇಳ್ಸಬೇಕು."

ಎಂಜಿನ್ ನಿಂತಿತು. ವರ್ನಾ ಕೈಯಲ್ಲಿ ಸೊಪ್ಪು ಹಿಚುಕಿ ಮುಖಕ್ಕೆ ಒರೆಸಿಕೊಂಡು, ಮೊದಲು ನೆಲಕ್ಕೆ ಹೇಳಿದಳು. "ತಪ್ಪು ತಿಳ್ಕೋಬೇಡಿ. ಬೇರೆ ದಾರಿ ಬಿಟ್ಟಿಲ್ಲ ಇವರು." ಆಮೇಲೆ ಮೊದಲ ಹೆಸರು ಹೇಳಿದಳು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀವೂ ಕೇಳಬೇಡಿ. ಅವಳು ಹೇಳಿದ್ದು ಪೈಜಳ ಹಾಳೆಗೆ, ನಿಮ್ಮ ಕಾಲಹರಣಕ್ಕಲ್ಲ.

ಪೈಜ್ ಬರೆದುಕೊಂಡಳು. ವರ್ನಾ ಎರಡನೆಯದು ಹೇಳಿದಳು. ಬುಟ್ಟಿ ಹೆಣೆಯುತ್ತಿದ್ದವಳು, ಎಡಗೈಯವಳು, ಅಂತ ಪಕ್ಕದಲ್ಲಿ ಬರೆಸಿದಳು. ಮೂರನೆಯದು ಅವಳ ಗಂಡ. ನಾಲ್ಕು, ಐದು ಅವರ ಮಕ್ಕಳು. ಆರನೆಯದು ಹೇಳಿದಾಗ ಪೈಜಳ ಕಣ್ಣಲ್ಲಿ ನೀರು ತುಂಬಿತು.

"ಸಾಕು ವರ್ನಾ ಅವರೇ. ಆರಾಯ್ತು. ಕೆಲಸ ನಿಲ್ಲುತ್ತೆ. ನಾವು ಗೆದ್ವಿ," ಅಂತ ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಬ್ರೆಂಟ್ ಆಗಲೇ ಯಾವುದೋ ಲಾಯರಿಗೆ ಫೋನ್ ಹಚ್ಚಿ ಗೇಟಿನ ಕಡೆ ಹೊರಟಿದ್ದ.

"ಏನು ಗೆದ್ವಿ?" ಅಂದಳು ವರ್ನಾ. "ಆರಕ್ಕೆ ನಿಮ್ಮ ಕಾನೂನಿನ ಹೊಟ್ಟೆ ತುಂಬಿರಬಹುದು. ಏಳನೆಯವನು ಏನು ಪಾಪ ಮಾಡಿದ್ದ? ಮುಚ್ಚಳ ತೆಗಿ."

"ಫಾರಂನಲ್ಲಿ ಆರೇ ಸಾಲು ಇರೋದು. ಸಾರಿ."

ವರ್ನಾ ಬಗ್ಗಿ ಒಂದು ಖಾಲಿ ಕಾಗದದ ಚೀಲ ಎತ್ತಿಕೊಂಡಳು. ಸರ್ರನೆ ಹರಿದು ಅಗಲ ಮಾಡಿ, ಅಚ್ಚಿಲ್ಲದ ಮಗ್ಗುಲನ್ನು ಮೇಲೆ ಮಾಡಿ ಪೈಜಳ ಹಲಗೆಯ ಮೇಲೆ ಎಸೆದಳು. "ಇದರ ಮೇಲೆ ಬರಿ. ನಮ್ಮವರನ್ನ ತುಂಬೋಕೆ ಆಯ್ತು ಅಂದ್ಮೇಲೆ ಬರೆಯೋಕೂ ಆಗುತ್ತೆ."

ಪೈಜ್ ಬರೆದಳು. ಏಳು, ಎಂಟು, ಹನ್ನೊಂದು. ಸೂರ್ಯ ನೆತ್ತಿಗೆ ಬಂದ. ವರ್ನಾಳ ಬಾಯಿ ಒಣಗಿತು, ನೀರು ಕೇಳಲಿಲ್ಲ. ಹದಿನೈದು, ಹದಿನಾರು. ಪ್ರತಿ ಹೆಸರಿಗೂ ಒಂದು ಹೆಜ್ಜೆ ಸರಿದು ನಿಲ್ಲುತ್ತಿದ್ದಳು, ಎದ್ದು ಬಂದವರಿಗೆ ಜಾಗ ಬಿಡುವ ಹಾಗೆ. ಹದಿನೇಳರ ಹತ್ತಿರ ಬಾಯಿ ತೆರೆದಳು, ಹೆಸರು ಬರಲಿಲ್ಲ. ಎಂಟು ವರ್ಷದ ಹಿಂದೆ ಒಂದೇ ಸಲ ಕೇಳಿದ್ದು. ತಿರುಗಿ ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದಳು. ಮತ್ತೆ ಅಲ್ಲೇ ನಿಂತಿತು. ಅವಳಿಗೆ ಅಳು ಬಂತು. ಒಬ್ಬರು ಬಿಟ್ಟುಹೋಗುತ್ತಿದ್ದರು, ತನ್ನ ಬಾಯಿಂದಲೇ.

ಗೇಟಿನ ಕಡೆ ಗಾಡಿಯೊಂದು ಕೆಮ್ಮುತ್ತ ಬಂದು ನಿಂತಿತು. ಲೀಟಾಳ ಹಳೇ ಪಿಕಪ್ಪು. ಲೈಸೆನ್ಸ್ ಕಿತ್ತುಕೊಂಡು ಆರು ವರ್ಷವಾಗಿದ್ದ ಮುದುಕಿ ಅದನ್ನು ತಾನೇ ಓಡಿಸಿಕೊಂಡು ಬಂದಿದ್ದಳು. ಬಾಗಿಲು ತೆರೆಯಿತು. ಅವಳು ಕಾಲು ಎತ್ತಿಕೊಂಡೇ ಕೂತು, ವರ್ನಾ ಹದಿನಾರನೆಯ ಹೆಸರನ್ನೇ ಮತ್ತೆ ಮತ್ತೆ ಹೇಳುವುದನ್ನು ಕೇಳಿಸಿಕೊಂಡಳು. ಆಮೇಲೆ ಒಂದು ಕಾಲನ್ನು ಮಣ್ಣಿನ ಮೇಲೆ ಇಟ್ಟಳು. ಇನ್ನೊಂದನ್ನೂ ಇಟ್ಟಳು. ಕೋಲೂರಿಕೊಂಡು ಗುಂಡಿಯ ಅಂಚಿಗೆ ಬಂದು, ಹದಿನೇಳನೆಯ ಹೆಸರನ್ನು ಗಟ್ಟಿಯಾಗಿ ಹೇಳಿದಳು.

"ನಿನಗೆ ಹೇಳಿದ್ದೆಲ್ಲ ದಂಡ," ಅಂತ ವರ್ನಾಳಿಗೆ ಬೈದಳು. "ಇಟ್ಕೊಳ್ಳೋಕೂ ಬರಲ್ಲ, ಕೊಡೋಕೂ ಬರಲ್ಲ. ಮುಂದಕ್ಕೆ ಹೇಳು."

ಇಬ್ಬರೂ ಸೇರಿ ಹೇಳಿದರು. ಒಬ್ಬಳು ಗುಂಡಿಯೊಳಗಿಂದ, ಒಬ್ಬಳು ಅಂಚಿನಿಂದ. ಜೆಸಿಬಿಯವನು ಟೋಪಿ ತೆಗೆದು ಕೆಳಗಿಳಿದ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು.

ಪೈಜ್ ಪೆನ್ನು ಕೆಳಗಿಡಲು ಹೋದಳು.

"ಇನ್ನೊಬ್ಬ ಇದಾನೆ," ಅಂದಳು ಲೀಟಾ. "ಇವಳ ಮುತ್ತಜ್ಜಿಯ ತಮ್ಮ. ಮೂರು ತಿಂಗಳ ಕೂಸು. ನಮ್ಮಲ್ಲಿ ಒಂದು ವರ್ಷ ತುಂಬಿದ ಮೇಲೆ ಹೆಸರಿಡೋದು."

"ಹಾಗಾದ್ರೆ ಹೆಸರಿನ ಜಾಗದಲ್ಲಿ ಏನು ಬರೀಲಿ?" ಪೈಜ್ ಕೇಳಿದಳು. "ಇಲ್ಲ ಅಂತ ಬರೀಲಾ?"

"ಇಲ್ಲ ಅಂತ ಬೇಡ. ಇಲ್ಲ, ಇಲ್ಲ ಅಂತ ಬರ್ಕೊಂಡೇ ನೀವು ಇಲ್ಲೀತನಕ ಬಂದಿರೋದು." ಮುದುಕಿ ಕೋಲಿನ ತುದಿಯಿಂದ ಆ ಕಂದು ಕಾಗದವನ್ನು ತೋರಿಸಿದಳು. "ಹೆಸರು ಇಡೋಕೆ ಬಿಡ್ಲಿಲ್ಲ ಅಂತ ಬರಿ."

ಪೈಜ್ 'ಸಾರಿ' ಹೇಳಲಿಲ್ಲ. ಬರೆದಳು.